ತವರಿನ ಪಂದ್ಯ

ತಂಡವೊಂದು ತನ್ನ ಊರಿನ ಮೈದಾನದಲ್ಲಿ ಆಡಿದರೆ ‘ತವರು ನೆಲ’, ‘ತವರಿನ ಅಂಗಳ’ ಎಂದು ಬರೆಯುವುದು ಕನ್ನಡ ಪತ್ರಿಕೆಗಳ ಕ್ರೀಡಾಪುಟದ ರೂಢಿ. ಬೆಂಗಳೂರು ಎಫ್‌ಸಿಯ ಹನ್ನೊಂದು ಗಂಡಸರು ಕಂಠೀರವ ಕ್ರೀಡಾಂಗಣದಲ್ಲಿ ಗೆದ್ದರೆ ಅದು ತವರಿನ ಗೆಲುವು. ಹೆಣ್ಣುಮಕ್ಕಳ ಬಾಯಲ್ಲಿ ಹುಟ್ಟಿ ಬೆಳೆದ ಮಾತು ಗಂಡಸರ ಆಟದ ವರದಿಯಲ್ಲಿ ಎಷ್ಟು ಸಲೀಸಾಗಿ ಕೂತುಬಿಟ್ಟಿದೆಯೆಂದರೆ ಅದರ ತಮಾಷೆ ಯಾರ ಕಣ್ಣಿಗೂ ಬೀಳುವುದಿಲ್ಲ. ಈ ತಮಾಷೆಗೆ ಇನ್ನೊಂದು ಮಗ್ಗುಲಿದೆ. ದೇಶದ ಹೆಣ್ಣುಮಕ್ಕಳ ಫುಟ್‌ಬಾಲ್ ಲೀಗಿನ ವರದಿಯಲ್ಲಿ, ಅದು ಶುರುವಾದ ಮೊದಲ ಆರು ಆವೃತ್ತಿಗಳಲ್ಲಿ, ಈ ಮಾತನ್ನು ಬಳಸಲು ಕಾರಣವೇ ಇರಲಿಲ್ಲ. ಕೂಟ ತಾನಾಗಿ ತಮ್ಮ ಊರಿಗೆ ಬಂದ ವರ್ಷದ ಅದೃಷ್ಟವನ್ನು ಬಿಟ್ಟರೆ, ಅಲ್ಲಿ ಯಾವ ತಂಡಕ್ಕೂ ತವರಿರಲಿಲ್ಲ.

ಇಂಡಿಯನ್ ವಿಮೆನ್ಸ್ ಲೀಗ್ ಶುರುವಾದದ್ದು 2016-17ರಲ್ಲಿ. ಕಟಕ್‌ನಲ್ಲಿ ಪ್ರಾಥಮಿಕ ಸುತ್ತು ಮುಗಿದ ಮೇಲೆ, 2017ರ ಜನವರಿ ಕೊನೆಯಿಂದ ಫೆಬ್ರವರಿ 14ರವರೆಗೆ ದೆಹಲಿಯಲ್ಲಿ ಆರು ತಂಡಗಳ ಅಂತಿಮ ಸುತ್ತು ನಡೆಯಿತು. ಮಣಿಪುರದ ಈಸ್ಟರ್ನ್ ಸ್ಪೋರ್ಟಿಂಗ್ ಯೂನಿಯನ್ ಫೈನಲ್‌ನಲ್ಲಿ ಒಡಿಶಾದ ರೈಸಿಂಗ್ ಸ್ಟೂಡೆಂಟ್ಸ್ ಕ್ಲಬ್ಬನ್ನು 3-0ಯಿಂದ ಸೋಲಿಸಿತು. ಮೂರು ವಾರವೂ ತುಂಬಲಿಲ್ಲ. ಮರುವರ್ಷ ಶಿಲ್ಲಾಂಗ್, ಆಮೇಲೆ ಲೂಧಿಯಾನ, 2020ರಲ್ಲಿ ಬೆಂಗಳೂರು, ಕೋವಿಡ್ ಕಳೆದ ಮೇಲೆ 2022ರಲ್ಲಿ ಭುವನೇಶ್ವರ, 2023ರಲ್ಲಿ ಅಹಮದಾಬಾದ್. ಪ್ರತಿ ಸಲವೂ ಎಲ್ಲ ತಂಡಗಳು ಒಂದೇ ಊರಿಗೆ ಬಂದು ಬಿಡಾರ ಹೂಡುತ್ತಿದ್ದವು. ಎರಡು ಮೂರು ದಿನಕ್ಕೊಂದು ಪಂದ್ಯ ಆಡಿ, ಗಂಟುಮೂಟೆ ಕಟ್ಟಿಕೊಂಡು ಹೊರಡುತ್ತಿದ್ದವು. ಇದನ್ನು ಜಾತ್ರೆ ಎನ್ನಬಹುದು, ಪಂದ್ಯಾವಳಿ ಎನ್ನಬಹುದು. ಲೀಗ್ ಎಂದು ಕರೆದದ್ದು ಮಾತ್ರ ಧಾರಾಳತನ.

ಮೊದಲ ಸಲದ ಆ ಆರು ತಂಡಗಳಲ್ಲಿ ಒಂದು ಎಫ್‌ಸಿ ಅಲಖಪುರ. ಅಲಖಪುರ ಹರಿಯಾಣದ ಭಿವಾನಿ ಜಿಲ್ಲೆಯ ಒಂದು ಹಳ್ಳಿ, ಹೆಣ್ಣುಮಕ್ಕಳ ಫುಟ್‌ಬಾಲಿಗೇ ಹೆಸರಾದ ಹಳ್ಳಿ. ಹೆಣ್ಣು ಹುಟ್ಟಿದರೆ ಮುಖ ಸಣ್ಣದು ಮಾಡಿಕೊಳ್ಳುವ ಸೀಮೆ ಎಂದು ನಾವು ದೂರದಿಂದ ತೀರ್ಮಾನ ಕೊಟ್ಟಿರುವ ರಾಜ್ಯದಲ್ಲಿ, ಒಂದು ಹಳ್ಳಿಯ ಹೆಸರು ಹೊತ್ತ ತಂಡ ರಾಷ್ಟ್ರಮಟ್ಟದ ಲೀಗಿನಲ್ಲಿ ಆಡಿತು. ಆದರೆ ಆ ಹಳ್ಳಿಯ ಮುದುಕಿಯೊಬ್ಬಳಿಗೆ ತನ್ನ ಮೊಮ್ಮಗಳ ಲೀಗ್ ಪಂದ್ಯ ನೋಡಬೇಕೆನಿಸಿದರೆ ದೆಹಲಿಗೆ ಹೋಗಬೇಕಿತ್ತು. ಹೆಸರು ಊರಿನದು, ಆಟ ಊರಿನದಲ್ಲ.

ಇದನ್ನು ಹೇಳಿದಾಗಲೆಲ್ಲ ಬರುವ ಉತ್ತರ ಒಂದೇ: ‘ಇಷ್ಟಾದರೂ ಇದೆಯಲ್ಲ.’ ನನ್ನ ಗೆಳೆಯರೊಬ್ಬರು ಚರ್ಚ್‌ಗೇಟಿನ ಆಫೀಸೊಂದರಲ್ಲಿ ಲೆಕ್ಕಪತ್ರ ನೋಡುವವರು. ಅವರು ಇದನ್ನು ಚೆನ್ನಾಗಿಯೇ ವಾದಿಸುತ್ತಾರೆ. 2016ಕ್ಕೆ ಮೊದಲು ಈ ಲೀಗೇ ಇರಲಿಲ್ಲ. ಇಪ್ಪತ್ತು ಇಪ್ಪತ್ತೈದು ಮಂದಿಯ ತಂಡ ಇಂಫಾಲದಿಂದ ಮದುರೈಗೆ, ಮದುರೈಯಿಂದ ದೆಹಲಿಗೆ ಓಡಾಡಬೇಕೆಂದರೆ ಟಿಕೆಟಿಗೆ ಎಷ್ಟಾಗುತ್ತದೆ ಲೆಕ್ಕ ಹಾಕಿ. ಆ ಹಣದಲ್ಲಿ ಇನ್ನೂ ನಾಲ್ಕು ತಂಡಗಳನ್ನು ಸೇರಿಸಬಹುದು. ಹೊಟ್ಟೆ ತುಂಬ ಊಟ ಹಾಕಲಾಗದಿದ್ದರೆ ಅರ್ಧ ಊಟವನ್ನೂ ಹಾಕಬಾರದೇ? ಇದನ್ನು ತಳ್ಳಿಹಾಕುವುದು ಸುಲಭವಲ್ಲ. ನಡೆದ ಆರೂ ಆವೃತ್ತಿಗಳಿಂದ ಆಟಗಾರ್ತಿಯರಿಗೆ ಸಿಕ್ಕಿದ್ದು ನಿಜವಾದ ಲಾಭವೇ. 2020, 2022, 2023, ಮೂರು ಸಲ ಸತತವಾಗಿ ಗೆದ್ದ ಗೋಕುಲಂ ಕೇರಳ ತಂಡದಲ್ಲಿ ಆಡಿದ ಮನೀಷಾ ಕಲ್ಯಾಣ್ ಅಲ್ಲಿಂದ ಸೈಪ್ರಸ್‌ಗೆ ಹೋಗಿ ಯುರೋಪಿನ ಚಾಂಪಿಯನ್ಸ್ ಲೀಗಿನಲ್ಲಿ ಆಡಿದ ಮೊದಲ ಭಾರತೀಯಳಾದಳು. ಅರ್ಧ ಊಟ ಉಂಡೇ ಅಷ್ಟು ದೂರ ಓಡಿದಳು.

ನನ್ನ ತಕರಾರು ಇರುವುದು ಆ ವಾಕ್ಯವನ್ನು ಹೇಳುವ ಬಾಯಿಯ ಬಗ್ಗೆ. ‘ಇಷ್ಟಾದರೂ ಇದೆಯಲ್ಲ’ ಎಂದು ಆಟಗಾರ್ತಿಯೇ ಅಂದುಕೊಂಡರೆ ಅದು ತೃಪ್ತಿ. ಅವಳಿಗೆ ಅದು ಶಕ್ತಿಯನ್ನೂ ಕೊಡಬಹುದು. ಅದೇ ಮಾತನ್ನು ಲೀಗ್ ನಡೆಸುವವರು ಹೇಳಿದರೆ, ಅಥವಾ ಆರಾಮ ಕುರ್ಚಿಯಲ್ಲಿ ಕೂತ ನಾವು ಹೇಳಿದರೆ, ಅದರ ಅರ್ಥ ಬದಲಾಗುತ್ತದೆ. ಆಗ ಅದು ಬಾಯಿ ಮುಚ್ಚಿಸುವ ಮಾತು. ಕೂಡುಕುಟುಂಬದ ಅಡುಗೆಮನೆಯಲ್ಲಿ ಕೊನೆಗೆ ಉಳಿದದ್ದನ್ನು ಉಂಡು ‘ನನಗಿಷ್ಟು ಸಾಕು’ ಎನ್ನುವ ಹೆಂಗಸಿನ ಮಾತಿಗೂ, ‘ಅವಳಿಗಿಷ್ಟು ಸಾಕು’ ಎನ್ನುವ ಯಜಮಾನನ ಮಾತಿಗೂ ಇರುವಷ್ಟೇ ದೂರ. ಶಬ್ದಗಳಲ್ಲಿ ಹೆಚ್ಚು ವ್ಯತ್ಯಾಸವಿಲ್ಲ.

ಕಿರಾಣಿ ಅಂಗಡಿಯವನಿಗೆ ಇದು ನಮಗಿಂತ ಚೆನ್ನಾಗಿ ಗೊತ್ತು. ಅವನು ಯಾರಿಗೋ ಒಂದು ಸೇರು ಅಕ್ಕಿ ಸುಮ್ಮನೆ ಕೊಟ್ಟರೆ ಪುಸ್ತಕದಲ್ಲಿ ಬರೆಯುವುದಿಲ್ಲ. ಕೊಡಬೇಕಾದದ್ದನ್ನು ಬರೆದಿಡುತ್ತಾನೆ. ಉಪಕಾರ ಮತ್ತು ಬಾಕಿ ಬೇರೆ ಬೇರೆ. ಉಪಕಾರ ಪಡೆದವನು ಅಕ್ಕಿಯಲ್ಲಿ ಕಲ್ಲಿದೆ ಎಂದು ದೂರುವಂತಿಲ್ಲ. ಬಾಕಿ ಪಡೆಯುವವನು ತೂಕ ನೋಡಿ ಕೇಳಬಹುದು. ಹೆಂಗಸರ ಲೀಗನ್ನು ಉಪಕಾರದ ಲೆಕ್ಕಕ್ಕೆ ಹಾಕಿದೊಡನೆ ಆಡುವವರು ತೂಕ ಕೇಳುವ ಹಕ್ಕನ್ನು ಕಳೆದುಕೊಳ್ಳುತ್ತಾರೆ. ಸೌಕರ್ಯ ಸರಿಯಿಲ್ಲ ಎನ್ನುವುದು ಕೃತಘ್ನತೆಯಾಗುತ್ತದೆ. ಅದಕ್ಕಿಂತ ದೊಡ್ಡ ದೂರುಗಳನ್ನು ಹೇಳುವುದು ಇನ್ನೂ ಕಷ್ಟವಾಗುತ್ತದೆ. 2024ರ ಮಾರ್ಚಿನಲ್ಲಿ, ಎರಡನೇ ದರ್ಜೆಯ ಲೀಗಿಗೆಂದು ಗೋವಾಕ್ಕೆ ಹೋಗಿದ್ದ ಹಿಮಾಚಲದ ತಂಡವೊಂದರ ಇಬ್ಬರು ಆಟಗಾರ್ತಿಯರು, ಒಕ್ಕೂಟದ ಕಾರ್ಯಕಾರಿ ಸಮಿತಿಯ ಸದಸ್ಯರೊಬ್ಬರು ತಮ್ಮ ಮೇಲೆ ಕೈಮಾಡಿದರೆಂದು ದೂರು ಕೊಟ್ಟರು. ಅವರ ಬಂಧನವಾಯಿತು, ಒಕ್ಕೂಟ ಅವರನ್ನು ಅಮಾನತಿನಲ್ಲಿಟ್ಟಿತು. ಆ ದೂರಿನ ಸತ್ಯಾಸತ್ಯ ತೀರ್ಮಾನಿಸುವುದು ಕಾನೂನಿನ ಕೆಲಸ. ನನಗೆ ಮುಖ್ಯವೆನಿಸುವುದು, ಆ ಇಬ್ಬರು ಹುಡುಗಿಯರು ಆ ದೂರು ಬರೆಯುವ ಮೊದಲು ಎಷ್ಟು ಜನರ ‘ಇಷ್ಟಾದರೂ ಇದೆಯಲ್ಲ’ವನ್ನು ದಾಟಬೇಕಾಗಿತ್ತು ಎಂಬುದು.

ಹಾಗಾದರೆ ಬಾಕಿ ಯಾವುದು? ಯಾರೂ ಯಾರಿಗೂ ಫುಟ್‌ಬಾಲ್ ಲೀಗ್ ಕೊಡಲೇಬೇಕೆಂದು ಶಾಸ್ತ್ರದಲ್ಲಿ ಬರೆದಿಲ್ಲವಲ್ಲ ಎಂದು ಗೆಳೆಯರು ಕೇಳುತ್ತಾರೆ. ಕೇಳತಕ್ಕ ಪ್ರಶ್ನೆಯೇ. ಇದಕ್ಕೆ ಉತ್ತರ ಹುಡುಕಲು ನಾನು ‘ಸೀಸನ್’ ಎಂಬ ಮಾತಿನ ಹತ್ತಿರ ಹೋಗುತ್ತೇನೆ. ಪತ್ರಿಕೆಗಳು ಇದನ್ನು ‘ಆವೃತ್ತಿ’ ಎನ್ನುತ್ತವೆ, ಪುಸ್ತಕ ಮರುಮುದ್ರಣ ಮಾಡಿದ ಹಾಗೆ. ಕರಾವಳಿಯವರಿಗೆ ಇದಕ್ಕಿಂತ ಒಳ್ಳೆಯ ಮಾತೊಂದು ಗೊತ್ತಿದೆ: ತಿರುಗಾಟ. ದೀಪಾವಳಿ ಕಳೆದು ಹೊರಟ ಯಕ್ಷಗಾನ ಮೇಳ ಊರೂರು ಆಡುತ್ತ ಪತ್ತನಾಜೆಯ ಹೊತ್ತಿಗೆ ಗೆಜ್ಜೆ ಬಿಚ್ಚುತ್ತದೆ. ಮೇಳಕ್ಕೆ ಸೇರಿದ ಕಲಾವಿದನಿಗೆ ಸಂಬಳ ಕಡಿಮೆ ಇರಬಹುದು, ನಿದ್ದೆಯಂತೂ ಇಲ್ಲವೇ ಇಲ್ಲ. ಆದರೆ ಇಂಥ ದಿನದಿಂದ ಇಂಥ ದಿನದವರೆಗೆ ತನಗೆ ವೇಷ ಉಂಟು ಎನ್ನುವುದು ಅವನಿಗೆ ಗೊತ್ತು. ಆ ಭರವಸೆಯ ಮೇಲೆ ಅವನು ಸಾಲ ಮಾಡುತ್ತಾನೆ, ತಂಗಿಯ ಮದುವೆ ಗೊತ್ತು ಮಾಡುತ್ತಾನೆ, ಮಳೆಗಾಲದಲ್ಲಿ ಮುಂಬೈಗೆ ಬಂದು ನಮ್ಮ ಸಭಾಗೃಹಗಳಲ್ಲಿ ನಾಲ್ಕು ಆಟ ಆಡಿ ಮತ್ತೆ ದೀಪಾವಳಿಗೆ ಊರು ಸೇರುತ್ತಾನೆ. ಮಳೆಗಾಲದ ಮುಂಬೈ ಆಟಗಳು ಅವನಿಗೆ ಮೇಲುಗಳಿಕೆ. ಜೀವನ ನಿಂತಿರುವುದು ತಿರುಗಾಟದ ಮೇಲೆ.

ಲೀಗ್ ಎಂದರೆ ಇಂಥ ವಾಯಿದೆ. ಪಂದ್ಯಾವಳಿ ಒಂದು ಘಟನೆ, ಬಂತು, ಹೋಯಿತು. ಲೀಗ್ ಕಾಲದ ಬಗ್ಗೆ ಕೊಟ್ಟ ಮಾತು. ಡಿಸೆಂಬರಿನಿಂದ ಏಪ್ರಿಲ್‌ವರೆಗೆ ಆಟ ಇರುತ್ತದೆ, ಮುಂದಿನ ವರ್ಷವೂ ಇರುತ್ತದೆ ಎಂದಾದರೆ ಹದಿನೇಳರ ಹುಡುಗಿ ಅಪ್ಪನೆದುರು ಕೂತು ಮಾತಾಡಬಹುದು. ‘ಯಾವಾಗ ಕರೆಯುತ್ತಾರೋ ಆಗ ಹೋಗಬೇಕು’ ಎಂದರೆ ಯಾವ ಅಪ್ಪನೂ ಒಪ್ಪುವುದಿಲ್ಲ, ಒಪ್ಪಬೇಕೆಂದು ನಾನೂ ಹೇಳಲಾರೆ. ಲೀಗ್ ನಡೆಸಲೇಬೇಕೆಂಬ ಋಣ ಯಾರ ಮೇಲೂ ಇಲ್ಲದಿರಬಹುದು. ಆದರೆ ‘ಲೀಗ್’ ಎಂದು ಕರೆದು, ಆ ಹೆಸರಿನ ಮೇಲೆ ನೂರಾರು ಹುಡುಗಿಯರು ಓದು, ಕೆಲಸ, ಮದುವೆಗಳ ತಾರೀಖು ಹಿಂದೆ ಮುಂದೆ ಮಾಡಿಕೊಂಡ ಮೇಲೆ ಅಲ್ಲಿ ಋಣ ಹುಟ್ಟುತ್ತದೆ. ಹಣ ಎಷ್ಟು ಎನ್ನುವುದು ಸಂತೆಯ ಪ್ರಶ್ನೆ ಇರಲಿ. ಹೇಳಿದ ದಿನಕ್ಕೆ ಹೇಳಿದ ಕಡೆ ಆಟ ಇರುತ್ತದೆಯೇ ಎನ್ನುವುದು ಸಂತೆಯ ಪ್ರಶ್ನೆಯಲ್ಲ, ಮಾತಿನ ಪ್ರಶ್ನೆ.

ಹಣದ ಬಗ್ಗೆಯೂ ಒಂದು ಮಾತು. 2023ರಲ್ಲಿ ಅಖಿಲ ಭಾರತ ಫುಟ್‌ಬಾಲ್ ಒಕ್ಕೂಟ ಮೇಲ್ದರ್ಜೆಯ ಪ್ರತಿ ಕ್ಲಬ್ ಕನಿಷ್ಠ ಹತ್ತು ಭಾರತೀಯ ಆಟಗಾರ್ತಿಯರಿಗೆ ವರ್ಷಕ್ಕೆ ಕನಿಷ್ಠ 3.2 ಲಕ್ಷ ರೂಪಾಯಿಯ ಕರಾರು ಕೊಡಬೇಕೆಂದು ಘೋಷಿಸಿತು. ತಿಂಗಳಿಗೆ ಇಪ್ಪತ್ತಾರು ಇಪ್ಪತ್ತೇಳು ಸಾವಿರ. ಒಳ್ಳೆಯ ಹೆಜ್ಜೆ ಎನ್ನುವುದರಲ್ಲಿ ಅನುಮಾನವಿಲ್ಲ, ಕನಿಷ್ಠ ವೇತನ ಎಂಬ ಮಾತು ಈ ಆಟದೊಳಗೆ ಬಂದದ್ದೇ ದೊಡ್ಡದು. ಫುಟ್‌ಬಾಲ್ ತಂಡದಲ್ಲಿ ಆಡುವವರು ಹನ್ನೊಂದು ಮಂದಿ ಎಂಬುದನ್ನು ಮಾತ್ರ ಯಾರಾದರೂ ಅವರಿಗೆ ಜ್ಞಾಪಿಸಬಹುದಿತ್ತು.

‘ನೋಡುವವರೇ ಇಲ್ಲ, ಇನ್ನೇನು ಕೊಡುತ್ತಾರೆ’ ಎನ್ನುವವರಿಗೆ ಇಂಗ್ಲೆಂಡಿನ ಹಳೆಯ ಕಥೆಯೊಂದಿದೆ. 1920ರ ಕ್ರಿಸ್ಮಸ್ಸಿನ ಮರುದಿನ ಲಿವರ್‌ಪೂಲಿನ ಗುಡಿಸನ್ ಪಾರ್ಕ್‌ನಲ್ಲಿ, ಡಿಕ್ ಕೆರ್ ಕಾರ್ಖಾನೆಯ ಕೆಲಸಗಾರ್ತಿಯರ ತಂಡದ ಪಂದ್ಯ ನೋಡಲು ಸುಮಾರು 53,000 ಜನ ಸೇರಿದ್ದರು. ಒಂದು ವರ್ಷ ತುಂಬುವ ಮೊದಲೇ, 1921ರ ಡಿಸೆಂಬರಿನಲ್ಲಿ, ಅಲ್ಲಿನ ಫುಟ್‌ಬಾಲ್ ಸಂಘ ತನ್ನ ಕ್ಲಬ್‌ಗಳ ಮೈದಾನದಲ್ಲಿ ಹೆಂಗಸರು ಆಡಕೂಡದೆಂದು ತೀರ್ಮಾನಿಸಿತು. ಸುಮಾರು ಐವತ್ತು ವರ್ಷ ಆ ತಡೆ ಇತ್ತು. ಐವತ್ತು ವರ್ಷ ಬಾಗಿಲು ಹಾಕಿಟ್ಟು, ತೆಗೆದ ಮೇಲೆ ಅಂಗಡಿಗೆ ಗಿರಾಕಿಗಳೇ ಇಲ್ಲವಲ್ಲ ಎಂದರೆ ಹೇಗೆ? ನಮ್ಮಲ್ಲಿಯೂ ಕಥೆ ತೀರ ಬೇರೆಯಲ್ಲ. ಭಾರತದ ಹೆಂಗಸರ ತಂಡ 1980ರ ದಶಕದ ಮೊದಲಲ್ಲಿ ಎರಡು ಸಲ ಏಷ್ಯಾದಲ್ಲಿ ಎರಡನೇ ಸ್ಥಾನ ಪಡೆದಿತ್ತು, ಅದರಲ್ಲಿ ಒಂದು ಕೋಯಿಕ್ಕೋಡಿನಲ್ಲೇ. 1983ರಲ್ಲಿ ಶಾಂತಿ ಮಲ್ಲಿಕ್‌ಗೆ ಅರ್ಜುನ ಪ್ರಶಸ್ತಿ ಬಂತು. ಆ ಮೇಲೆ ರಾಷ್ಟ್ರೀಯ ಲೀಗಿಗೆ ಮೂರು ದಶಕ ಕಾಯಬೇಕಾಯಿತು. ಜನ ಬರುವುದು ಮಳೆಯ ಹಾಗೆ ತಾನಾಗಿ ಆಗುವಂಥದ್ದಲ್ಲ. ಪ್ರತಿ ಎರಡನೇ ಭಾನುವಾರ ಇದೇ ಮೈದಾನದಲ್ಲಿ ಆಟ ಇರುತ್ತದೆ ಎಂದು ಗೊತ್ತಾದ ಮೇಲೆ, ಅದೂ ಮೆಲ್ಲಗೆ, ರೂಢಿಯಾಗಿ ಬರುತ್ತಾರೆ. ಊರೂರು ಬದಲಿಸುವ ಕೂಟಕ್ಕೆ ಆ ರೂಢಿ ಬೆಳೆಯಲು ಜಾಗವೇ ಇಲ್ಲ.

ಇನ್ನೊಬ್ಬರ ಮಾತು ತಪ್ಪಿದ್ದಕ್ಕೆ ಇವರು ತೆತ್ತ ದಂಡದ ಉದಾಹರಣೆ 2022ರದು. ಒಕ್ಕೂಟದ ಚುನಾವಣೆ ಸಕಾಲಕ್ಕೆ ಆಗದೆ, ವ್ಯವಹಾರ ಸುಪ್ರೀಂ ಕೋರ್ಟು ನೇಮಿಸಿದ ಆಡಳಿತಗಾರರ ಕೈಗೆ ಹೋಗಿತ್ತು. ಹೊರಗಿನವರ ಹಸ್ತಕ್ಷೇಪವೆಂದು ಫಿಫಾ ಆಗಸ್ಟ್ ಮಧ್ಯದಲ್ಲಿ ಭಾರತವನ್ನು ಅಮಾನತಿನಲ್ಲಿಟ್ಟಿತು. ಆ ಹೊತ್ತಿಗೆ ಲೀಗ್ ಗೆದ್ದ ಗೋಕುಲಂ ಹುಡುಗಿಯರು ಏಷ್ಯಾದ ಕ್ಲಬ್ ಚಾಂಪಿಯನ್‌ಶಿಪ್ ಆಡಲು ಉಜ್ಬೇಕಿಸ್ತಾನದ ತಾಷ್ಕೆಂಟಿಗೆ ಹೋಗಿಯಾಗಿತ್ತು. ಸರ್ಕಾರ ವಿನಂತಿ ಮಾಡಿಕೊಂಡಿತು, ಆಗಲಿಲ್ಲ. ಆಡದೆ ವಾಪಸು ಬಂದರು. ಆಗಸ್ಟ್ 26ಕ್ಕೆ ಅಮಾನತು ತೆರವಾಯಿತು. ಅಕ್ಟೋಬರಿನಲ್ಲಿ ಭಾರತದಲ್ಲೇ ನಡೆಯಬೇಕಿದ್ದ ಹದಿನೇಳರೊಳಗಿನ ಹುಡುಗಿಯರ ವಿಶ್ವಕಪ್ ಉಳಿಯಿತು. ಗೋಕುಲಂ ಹುಡುಗಿಯರಿಗೆ ತಪ್ಪಿಹೋದ ಪಂದ್ಯಗಳನ್ನು ಯಾರೂ ಮತ್ತೆ ಆಡಿಸಲಿಲ್ಲ. ಸಂಘದ ತಪ್ಪಿಗೆ ಸಂಘವನ್ನು ಶಿಕ್ಷಿಸುವುದೆಂದರೆ ಕೊನೆಗೆ ಇನ್ನಾರೋ ಸಾಮಾನು ಹೊತ್ತು ವಿಮಾನ ನಿಲ್ದಾಣಕ್ಕೆ ಮರಳುವುದು. ತಪ್ಪು ಮಾಡಿದವರಾರೂ ತಾಷ್ಕೆಂಟಿನಲ್ಲಿ ಇರಲಿಲ್ಲ.

ಅದೇ ವರ್ಷದ ಜನವರಿಯಲ್ಲಿ ನಮ್ಮ ನವಿ ಮುಂಬೈಯಲ್ಲಾದದ್ದು ಬೇರೆ ತರಹದ್ದು. ಏಷ್ಯಾ ಕಪ್ ತವರಿಗೇ ಬಂದಿತ್ತು. ಡಿ.ವೈ. ಪಾಟೀಲ ಕ್ರೀಡಾಂಗಣದಲ್ಲಿ ಭಾರತ ಇರಾನ್ ಜೊತೆ 0-0 ಆಡಿತು. ಮೂರು ದಿನ ಬಿಟ್ಟು ಚೈನೀಸ್ ತೈಪೆ ಎದುರು ನಿಲ್ಲಬೇಕಾದಾಗ ಕೋವಿಡ್‌ನಿಂದಾಗಿ ಹದಿಮೂರು ಆಟಗಾರ್ತಿಯರನ್ನು ಹೊಂದಿಸಲಾಗಲಿಲ್ಲ. ನಿಯಮದ ಪ್ರಕಾರ ಭಾರತ ಹಿಂದೆ ಸರಿದಂತೆ ಆಯಿತು. ರೋಗಕ್ಕೆ ಯಾರನ್ನು ಬಯ್ಯುವುದು? ದುರದೃಷ್ಟವನ್ನೂ ಅನ್ಯಾಯವನ್ನೂ ಒಂದೇ ಬುಟ್ಟಿಗೆ ಹಾಕಬಾರದು. ಹಾಕಿದರೆ ಅನ್ಯಾಯ ಮಾಡಿದವರಿಗೇ ಅನುಕೂಲ, ಎಲ್ಲವೂ ಹಣೆಬರಹ ಎಂದು ಎದ್ದುಹೋಗಬಹುದು.

ಇಷ್ಟೆಲ್ಲದರ ಮೇಲೆ 2023ರ ಡಿಸೆಂಬರಿನಲ್ಲಿ ಶುರುವಾದ ಆವೃತ್ತಿ ಬಂತು. ಏಳೇ ತಂಡಗಳು: ಒಡಿಶಾ ಎಫ್‌ಸಿ, ಗೋಕುಲಂ, ಬೆಂಗಳೂರಿನ ಕಿಕ್‌ಸ್ಟಾರ್ಟ್, ತಮಿಳುನಾಡಿನ ಸೇತು, ದೆಹಲಿಯ ಹಾಪ್ಸ್, ಈಸ್ಟ್ ಬೆಂಗಾಲ್, ಸ್ಪೋರ್ಟ್ಸ್ ಒಡಿಶಾ. ಪ್ರತಿ ತಂಡ ಉಳಿದ ಆರರ ಜೊತೆ ಎರಡೆರಡು ಸಲ, ಒಮ್ಮೆ ತನ್ನಲ್ಲಿ, ಒಮ್ಮೆ ಅವರಲ್ಲಿ. ಒಟ್ಟು 42 ಪಂದ್ಯ, ಮಾರ್ಚ್‌ವರೆಗೆ. ಒಡಿಶಾ ಎಫ್‌ಸಿ ಗೆದ್ದಿತು. ತುಂಬಿ ತುಳುಕುವ ಗ್ಯಾಲರಿ ಏನಿರಲಿಲ್ಲ, ಅದನ್ನು ಬಣ್ಣ ಹಚ್ಚಿ ಹೇಳುವುದು ಬೇಡ. ಆದರೆ ಈ ಏರ್ಪಾಟಿನಲ್ಲೊಂದು ನ್ಯಾಯವಿದೆ. ನಿನ್ನ ಅಂಗಳದಲ್ಲಿ ಸೋತವಳಿಗೆ ತನ್ನ ಅಂಗಳದಲ್ಲಿ ಇನ್ನೊಂದು ಆಟ ಉಂಟು. ಪಂದ್ಯಾವಳಿಯ ಸೆಮಿಫೈನಲ್‌ನಲ್ಲಿ ಜ್ವರ ಬಂದು ಆಡಲಾಗದವಳು ಮುಂದಿನ ವರ್ಷಕ್ಕೆ ಕಾಯಬೇಕು. ಲೀಗಿನಲ್ಲಿ ಮುಂದಿನ ವಾರಕ್ಕೆ ಕಾದರಾಯಿತು. 2024-25ರಲ್ಲಿ ತಂಡಗಳು ಎಂಟಾದವು, ಪ್ರತಿಯೊಬ್ಬರಿಗೆ 14 ಪಂದ್ಯ. ಈಸ್ಟ್ ಬೆಂಗಾಲ್ ಗೆದ್ದಿತು.

ಇಲ್ಲಿ ‘ತವರು’ ಎಂದರೆ ಏನೆಂದು ಕೇಳಲೇಬೇಕು. ಈಸ್ಟ್ ಬೆಂಗಾಲ್ ಪರ ಆಡಿದ ಸೌಮ್ಯಾ ಗುಗುಲೋತ್ ತೆಲಂಗಾಣದವಳು. ಆ ಸೀಸನ್ನಿನಲ್ಲಿ ಗೋಕುಲಂಗೆ ಗೋಲುಗಳ ರಾಶಿ ಹಾಕಿದ ಫಜೀಲಾ ಇಕ್ವಾಪುಟ್ ಉಗಾಂಡಾದವಳು. ಮಣಿಪುರದ ಹುಡುಗಿಯರಿಲ್ಲದ ತಂಡವೇ ಅಪರೂಪ. ಇವರಲ್ಲಿ ಹೆಚ್ಚಿನವರಿಗೆ ‘ತವರಿನ ಪಂದ್ಯ’ ನಡೆಯುವ ಊರು ಹುಟ್ಟಿದೂರಲ್ಲ, ಹೊಟ್ಟೆಪಾಡಿನ ಊರು. ಮಾಟುಂಗಾದಲ್ಲೋ ಪಿಂಪ್ರಿಯಲ್ಲೋ ಬಾಡಿಗೆ ಕಟ್ಟುತ್ತಿರುವ ನಮ್ಮಂಥವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹುಟ್ಟಿದೂರು ತಾನಾಗಿ ಸಿಗುತ್ತದೆ. ಹೊಟ್ಟೆಪಾಡಿನ ಊರು ನಮ್ಮದಾಗುವುದು ಅಲ್ಲಿ ಒಂದೇ ದಾರಿಯಲ್ಲಿ ನೂರು ಸಲ ನಡೆದ ಮೇಲೆ, ಚಹಾದವನು ಕೇಳದೆಯೇ ಸಕ್ಕರೆ ಕಡಿಮೆ ಹಾಕತೊಡಗಿದ ಮೇಲೆ. ಅದಕ್ಕೆ ಬೇಕಾದದ್ದು ಕಾಲ. ನಾಲ್ಕು ತಿಂಗಳ ಸೀಸನ್ ಮಣಿಪುರದ ಹುಡುಗಿಗೆ ಬೆಂಗಳೂರಿನಲ್ಲಿ ಆ ಕಾಲದ ಮೊದಲ ಕಂತನ್ನು ಕೊಡುತ್ತದೆ. ಮೂರು ವಾರದ ಬಿಡಾರದಲ್ಲಿ ಯಾವ ಊರೂ ಯಾರದೂ ಆಗುವುದಿಲ್ಲ.

2025ರ ಡಿಸೆಂಬರಿನಲ್ಲಿ ಶುರುವಾದ ಆವೃತ್ತಿಯನ್ನು ಮತ್ತೆ ಒಂದೇ ಕಡೆಗೆ, ಕೋಲ್ಕತ್ತಾದ ಸುತ್ತಮುತ್ತಲಿಗೆ, ಎಳೆದುಕೊಂಡರು. ಎರಡು ಸೀಸನ್ ಇದ್ದ ತವರು ಹೋಯಿತು. ನ್ಯಾಯವಾಗಿ ಹೇಳಬೇಕೆಂದರೆ ಅದು ಒಕ್ಕೂಟದ ಖಜಾನೆಯೇ ಅಲ್ಲಾಡಿದ್ದ ಕಾಲ, ವಾಣಿಜ್ಯ ಒಪ್ಪಂದ ಮುಗಿದು ಗಂಡಸರ ಐಎಸ್‌ಎಲ್ ಕೂಡ ತಿಂಗಳುಗಟ್ಟಲೆ ಶುರುವಾಗದೆ ನಿಂತಿತ್ತು. ಎಲ್ಲರ ಮನೆಯಲ್ಲೂ ಬಡತನ ಬಂದಾಗ ಯಾರ ತಟ್ಟೆಯಲ್ಲಿ ಕಡಿಮೆ ಬಿತ್ತೆಂದು ಅಳೆಯುವುದು ಸಣ್ಣತನ ಎನ್ನಬಹುದು. ಆಟ ನಿಲ್ಲಲಿಲ್ಲ ಎನ್ನುವುದನ್ನೂ ಲೆಕ್ಕಕ್ಕೆ ಹಿಡಿಯುತ್ತೇನೆ. ನಾನು ಒಪ್ಪದಿರುವುದು, ಈ ಬದಲಾವಣೆಯನ್ನು ಬರೀ ಏರ್ಪಾಟಿನ ವಿಷಯವೆಂದು ಎಣಿಸುವುದನ್ನು. ಬಡತನದಲ್ಲಿ ಮಾತು ತಪ್ಪಬಹುದು. ತಪ್ಪಿದ್ದೇವೆ, ಇಂಥ ವರ್ಷಕ್ಕೆ ಸರಿಮಾಡುತ್ತೇವೆ ಎಂದು ಹೇಳಲು ಖರ್ಚೇನೂ ಇಲ್ಲ. ಸಾಲಗಾರನೂ ಹಬ್ಬಕ್ಕೆ ಮೊದಲು ಮನೆಗೆ ಬಂದು ವಾಯಿದೆ ಕೇಳುತ್ತಾನೆ.

ಈ ಚರ್ಚೆಯಲ್ಲಿ ನನ್ನ ಪಕ್ಷದವರೇ ಮಾಡುವ ಒಂದು ವಾದ ನನಗೆ ಹಿಡಿಸುವುದಿಲ್ಲ. 2025ರ ಜುಲೈಯಲ್ಲಿ ಭಾರತದ ಹೆಂಗಸರು ಥಾಯ್ಲೆಂಡಿನ ಚಿಯಾಂಗ್ ಮಾಯ್‌ನಲ್ಲಿ ಆತಿಥೇಯರನ್ನು 2-1ರಿಂದ ಸೋಲಿಸಿ, ಅರ್ಹತಾ ಸುತ್ತು ಗೆದ್ದು, ಏಷ್ಯಾ ಕಪ್‌ಗೆ ಹೋದರು. ಹಾಗೆ ಗೆದ್ದು ಹೋದದ್ದು ಅದೇ ಮೊದಲು. ಎರಡೂ ಗೋಲು ಬಂಗಾಳದ ಸಂಗೀತಾ ಬಾಸ್ಫೋರಳದು. ‘ನೋಡಿ, ಗೆದ್ದಿದ್ದಾರೆ, ಇನ್ನಾದರೂ ಕೊಡಿ’ ಎಂದರು ಅನೇಕರು. ಒಳ್ಳೆಯ ಮನಸ್ಸಿನಿಂದಲೇ ಅಂದದ್ದು. ಆದರೆ ಇದು ಹಳೆಯ ಮನೆಗಳ ಕಟ್ಟಳೆ: ಗಂಡು ಫೇಲಾದರೂ ಕಾಲೇಜಿಗೆ ಹೋಗುತ್ತಾನೆ, ಹೆಣ್ಣು ಫಸ್ಟ್ ಕ್ಲಾಸ್ ಬಂದರೆ ಮುಂದೆ ಓದಬಹುದು. ಗಂಡಸರ ತಂಡ ಎಷ್ಟು ಸೋತರೂ ಅವರಿಗೆ ತವರಿನ ಪಂದ್ಯ ಬೇಕೋ ಬೇಡವೋ ಎಂದು ಯಾರೂ ಕೇಳಿಲ್ಲ. ಗೆದ್ದವರಿಗೆ ಕೊಡುವುದು ಬಹುಮಾನ. ಸೋತು, ಪಟ್ಟಿಯ ತಳದಲ್ಲಿದ್ದು, ಮುಂದಿನ ವಾರ ಮತ್ತೆ ಬೂಟು ಕಟ್ಟುವವಳಿಗೂ ಸಲ್ಲಬೇಕಾದದ್ದರ ಬಗ್ಗೆ ನಾನು ಹೇಳುತ್ತಿರುವುದು.

ಚರ್ಚ್‌ಗೇಟಿನ ಗೆಳೆಯರ ಬಳಿ ಇನ್ನೂ ಒಂದು ಪ್ರಶ್ನೆ ಉಳಿದಿದೆ. ಇರುವ ಹಣಕ್ಕೆ ಎರಡರಲ್ಲಿ ಒಂದೇ ಸಾಧ್ಯ ಎಂದಿಟ್ಟುಕೊಳ್ಳಿ, ಹುಡುಗಿಯರು ಸಂಬಳ ಹೆಚ್ಚು ಬೇಕೆನ್ನುತ್ತಾರೋ, ತವರಿನ ಪಂದ್ಯ ಬೇಕೆನ್ನುತ್ತಾರೋ? ಬಹಳಷ್ಟು ಮಂದಿ ಸಂಬಳ ಎನ್ನುತ್ತಾರೆ ಎಂದು ನನಗನಿಸುತ್ತದೆ. ಮನೆಗೆ ಹಣ ಕಳಿಸಬೇಕಾದವರು ಬೇರೆ ಏನು ಹೇಳಬೇಕು? ಹಾಗಿದ್ದರೆ ನಿಮ್ಮ ವಾದ ಅಲ್ಲಿಗೆ ಮುಗಿಯಿತು ಎನ್ನುತ್ತಾರೆ ಅವರು. ಮುಗಿಯಲಿಲ್ಲ ಎನ್ನುತ್ತೇನೆ ನಾನು. ಎರಡರಲ್ಲಿ ಒಂದನ್ನು ಆರಿಸಿಕೋ ಎಂದು ಅವಳ ಮುಂದೆ ತಟ್ಟೆ ಇಟ್ಟವರು ಯಾರು, ಆ ಪ್ರಶ್ನೆ ಅವಳೊಬ್ಬಳನ್ನೇ ಏಕೆ ಕೇಳಲಾಗುತ್ತದೆ ಎಂದು ಅವರು ಲೆಕ್ಕ ಹಾಕಿ ಹೇಳುವವರೆಗೆ ನಮ್ಮಿಬ್ಬರ ಜಗಳ ನಡೆಯುತ್ತಲೇ ಇರುತ್ತದೆ.